ಅತಿಭಾರವೂ ಹಿಂಸೆಯೇ

ಜೈನ ಶ್ರಾವಕನು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಅಹಿಂಸೆಯೇ ಮೊದಲನೆಯದು. ಉಳಿದ ನಾಲ್ಕು ವ್ರತಗಳು ಪೈರನ್ನು ಕಾಯುವ ಬೇಲಿಯಂತೆ ಅದನ್ನು ಕಾಯುತ್ತವೆ. ವ್ರತವೆಂದ ಮೇಲೆ ಅದಕ್ಕೆ ಕಲೆ ತರುವ ದೋಷಗಳೂ ಇರುತ್ತವೆ. ಅವುಗಳಿಗೆ ಅತಿಚಾರಗಳೆಂದು ಹೆಸರು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ. ಬಂಧವೆಂದರೆ ಜೀವಿಯನ್ನು ಕಟ್ಟಿಹಾಕುವುದು. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಹೊಡೆಯುವುದು. ಛೇದವೆಂದರೆ ಅಂಗಗಳನ್ನು ಕತ್ತರಿಸುವುದು. ನಾಲ್ಕನೆಯದು ಅತಿಭಾರಾರೋಪಣ, ಎಂದರೆ ಶಕ್ತಿಮೀರಿದ ಹೊರೆ ಹೊರಿಸುವುದು. ಐದನೆಯದು ಅನ್ನಪಾನನಿರೋಧ, ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ಮಾಡುವುದು.

ಈ ನಾಲ್ಕನೆಯ ಅತಿಚಾರವನ್ನು ಮಕ್ಕಳಿಗೆ ವಿವರಿಸುವಾಗ ಎತ್ತಿನ ಉದಾಹರಣೆ ಕೊಡುವುದು ರೂಢಿ. ಹತ್ತು ಮೂಟೆ ಎಳೆಯಬಲ್ಲ ಎತ್ತುಗಳ ಗಾಡಿಗೆ ಹದಿನೈದು ಮೂಟೆ ಹೇರಿದ ರೈತನು ಕ್ರೂರಿಯೇ ಆಗಿರಬೇಕಾಗಿಲ್ಲ. ಅವನು ಆ ಎತ್ತುಗಳನ್ನು ಮಕ್ಕಳಂತೆ ಸಾಕಿರಬಹುದು. ಸಂಕ್ರಾಂತಿಯ ದಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂಮಾಲೆ ಹಾಕಿ ಆರತಿ ಎತ್ತಿರಬಹುದು. ಆದರೂ ಹೆಚ್ಚಿನ ಐದು ಮೂಟೆಗಳ ದೋಷ ಅವನಿಗೆ ತಗಲದೆ ಇರದು. ಸಂಕ್ರಾಂತಿಯ ಆರತಿಯಿಂದ ಆ ಮೂಟೆಗಳು ಕೆಳಗಿಳಿಯುವುದಿಲ್ಲ.

ಕೋವಿಡ್ ಮಹಾಮಾರಿಯ ಕಾಲದಲ್ಲಿ ವೈದ್ಯರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಚಾಲಕರು ಮತ್ತು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಅನುಭವಿಸಿದ ಮಾನಸಿಕ ಒತ್ತಡವನ್ನು ಈ ದೃಷ್ಟಾಂತದ ಬೆಳಕಿನಲ್ಲಿ ನೋಡಬೇಕಾಗಿದೆ. 2020ರ ಮಾರ್ಚ್ 22ರ ಸಂಜೆ ಇಡೀ ದೇಶ ಅವರಿಗಾಗಿ ಚಪ್ಪಾಳೆ ತಟ್ಟಿತು. ಮೇ 3ರಂದು ಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ‘ಕೊರೊನಾ ಸೇನಾನಿ’ಗಳೆಂಬ ಬಿರುದೂ ದೊರೆಯಿತು. ಈ ಗೌರವವನ್ನು ಸುಳ್ಳೆನ್ನಲಾಗದು. ಸಲ್ಲಿಸಿದವರ ಮನಸ್ಸು ಶುದ್ಧವಾಗಿಯೇ ಇತ್ತು. ಆದರೆ ಹೊರೆ ಇಳಿಯಿತೇ ಎಂಬ ಪ್ರಶ್ನೆಗೆ ಹೂವಿನಲ್ಲಿ ಉತ್ತರವಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿಗೆ ಅಂಟಿಕೊಂಡಿದ್ದರೂ ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ರಾಮನಗರ ಜಿಲ್ಲೆ ಸೋಂಕಿಲ್ಲದ ಹಸಿರು ವಲಯವಾಗಿತ್ತು. ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದ ಆರೋಗ್ಯ ಮತ್ತು ಪಾಲಿಕೆ ಸಿಬ್ಬಂದಿಯ ಮೇಲೆ ಗುಂಪೊಂದು ಎರಗಿತು. ಅದೇ ರಾತ್ರಿ ಚೆನ್ನೈಯಲ್ಲಿ, ಕೋವಿಡ್‌ನಿಂದ ತೀರಿಕೊಂಡ ವೈದ್ಯರೊಬ್ಬರ ಶವಸಂಸ್ಕಾರಕ್ಕೆ ಹೋದವರ ಮೇಲೆ ಇನ್ನೊಂದು ಗುಂಪು ಕಲ್ಲು ತೂರಿತು. ಊರು ಬೇರೆ, ಜನ ಬೇರೆ, ಭಯ ಒಂದೇ. ಮೂರು ದಿನಗಳಲ್ಲಿ, ಏಪ್ರಿಲ್ 22ರಂದು, ಕೇಂದ್ರ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ತೀವ್ರ ಹಲ್ಲೆಗೆ 7 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಗುಣಪಡಿಸಲು ಬಂದ ಕೈಗೆ ಹೊಡೆಯಬಾರದೆಂದು ಹೇಳುವುದಕ್ಕೂ ಒಂದು ಕಾನೂನು ಬೇಕಾಯಿತು. ಅಹಿಂಸಾಣುವ್ರತದ ಎರಡನೆಯ ಅತಿಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಪಾದರಾಯನಪುರ ಪ್ರಕರಣದ ನೂರಕ್ಕೂ ಹೆಚ್ಚು ಆರೋಪಿಗಳನ್ನು ರಾಮನಗರದ ಜಿಲ್ಲಾ ಕಾರಾಗೃಹಕ್ಕೆ ತಂದು ಇರಿಸಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರಿಗೆ ಸೋಂಕಿರುವುದು ಗೊತ್ತಾಗಿ, ಎಲ್ಲರನ್ನೂ ಮತ್ತೆ ಬೆಂಗಳೂರಿಗೆ ಸಾಗಿಸಬೇಕಾಯಿತು. ಕಾರಾಗೃಹದ ಸಿಬ್ಬಂದಿ ಕ್ವಾರಂಟೈನಿಗೆ ಹೋದರು. ಊರಿನಲ್ಲಿ ಆತಂಕ ಹರಡಿತು. ಈ ಘಟನೆಯ ರಾಜಕೀಯ ಚರ್ಚೆ ಆಗ ಸಾಕಷ್ಟು ನಡೆಯಿತು. ಆದರೆ ಆ ದಿನಗಳಲ್ಲಿ ಬಂದಿಗಳ ಗಂಟಲ ದ್ರವ ತೆಗೆದವರ, ಅವರನ್ನು ವಾಹನ ಹತ್ತಿಸಿದವರ, ಆ ಕಟ್ಟಡವನ್ನು ತೊಳೆದವರ ಮನಸ್ಸಿನಲ್ಲಿ ಏನು ನಡೆಯಿತೆಂದು ಕೇಳಿದವರು ವಿರಳ.

ಜಿಲ್ಲೆಯ ಹಸಿರು ಬಣ್ಣ ಬಹುಕಾಲ ಉಳಿಯಲಿಲ್ಲ. ರಾಮನಗರ ಮತ್ತು ಚನ್ನಪಟ್ಟಣಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿವೆ. ರಾಜಧಾನಿಯಲ್ಲಿ ದುಡಿಯುತ್ತಿದ್ದವರು ಲಾಕ್‌ಡೌನ್ ಸುದ್ದಿ ಬಂದಾಗಲೆಲ್ಲ ಇದೇ ದಾರಿಯಲ್ಲಿ ಊರುಗಳಿಗೆ ಮರಳಿದರು. ಹೀಗೆ ಮರಳಿದವರ ಪಟ್ಟಿ ಹಿಡಿದು ಮಾಗಡಿಯ ಹೊಲಗಳ ನಡುವಣ ಮಜರೆಗಳಿಗೆ, ಕನಕಪುರದ ಕಾಡಂಚಿನ ಹಳ್ಳಿಗಳಿಗೆ ನಡೆದು ಹೋದವಳು ಆಶಾ ಕಾರ್ಯಕರ್ತೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು ಈ ಹುದ್ದೆ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳು. ಗರ್ಭಿಣಿಯರ ಆರೈಕೆ ಮತ್ತು ಮಕ್ಕಳ ಲಸಿಕೆ ಅವಳ ಮೂಲ ಕೆಲಸ. ಮಹಾಮಾರಿ ಬಂದಾಗ ಅದು ಕಡಿಮೆಯಾಗಲಿಲ್ಲ. ಅದರ ಮೇಲೆ ಮನೆಮನೆಯ ಸಮೀಕ್ಷೆ, ಜ್ವರದ ಲೆಕ್ಕ, ಕ್ವಾರಂಟೈನಿನಲ್ಲಿ ಇದ್ದವರ ನಿಗಾ ಸೇರಿಕೊಂಡವು. ಗಾಡಿಯ ಹತ್ತು ಮೂಟೆ ಹದಿನೈದಾದದ್ದು ಹೀಗೆ.

ಆ ಹೊರೆಗೆ ಸಂದ ಪ್ರತಿಫಲವೇನು? 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ಸ್ಥಗಿತಗೊಳಿಸಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನ ಮತ್ತು ಮುಖಗವಸು, ಕೈಗವಸುಗಳಂಥ ರಕ್ಷಣಾ ಸಾಮಗ್ರಿ. ಸೇನಾನಿ ಎಂದು ಕರೆಸಿಕೊಂಡವಳು ಗುರಾಣಿಗಾಗಿ ಮುಷ್ಕರ ಹೂಡಬೇಕಾಯಿತು. ಮಹಾಮಾರಿ ಮುಗಿದ ಬಳಿಕವೂ, 2025ರ ಜನವರಿಯ ಚಳಿಯಲ್ಲಿ, ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತರು; ಆಗ ತಿಂಗಳಿಗೆ ಕನಿಷ್ಠ 10,000 ರೂಪಾಯಿಗಳ ಭರವಸೆ ದೊರೆಯಿತು. ಜೀವನಾಧಾರದ ಹಣ ಹೊತ್ತಿಗೆ ಕೈಸೇರದಿದ್ದರೆ ಅದೂ ಅನ್ನಪಾನನಿರೋಧವೇ. ಆಸ್ಪತ್ರೆಯ ಒಳಗಂತೂ ಈ ಮಾತು ಅಕ್ಷರಶಃ ನಿಜವಾಗಿತ್ತು. ರಕ್ಷಣಾ ಉಡುಪು ಧರಿಸಿದ ಶುಶ್ರೂಷಕಿಯು ಪಾಳಿ ಮುಗಿಯುವವರೆಗೆ ಗಂಟೆಗಟ್ಟಲೆ ನೀರು ಕುಡಿಯುವಂತಿರಲಿಲ್ಲ, ಶೌಚಕ್ಕೆ ಹೋಗುವಂತಿರಲಿಲ್ಲ.

ದೇಹದ ಈ ಕಷ್ಟಕ್ಕಿಂತ ಮನಸ್ಸಿನದು ದೊಡ್ಡದಾಗಿತ್ತು. ಜೈನಾಚಾರ್ಯರು ಮನಸ್ಸಿನ ತಳಮಳವನ್ನು ಆರ್ತಧ್ಯಾನವೆಂದು ಕರೆದು ಅದರ ಬಗೆಗಳನ್ನು ವಿಂಗಡಿಸಿದ್ದಾರೆ. ಅಪ್ರಿಯವಾದುದು ಬಳಿಗೆ ಬಂದಾಗ ಅದು ಯಾವಾಗ ತೊಲಗೀತೆಂದು ಎಡೆಬಿಡದೆ ಚಿಂತಿಸುವುದು ಅನಿಷ್ಟಸಂಯೋಗಜ. ಪ್ರಿಯರಾದವರನ್ನು ಅಗಲಿ ಹಂಬಲಿಸುವುದು ಇಷ್ಟವಿಯೋಗಜ. ನೋವಿನಲ್ಲೇ ಮನಸ್ಸು ನಟ್ಟುನಿಲ್ಲುವುದು ಪೀಡಾಚಿಂತನ. ಕೋವಿಡ್ ವಾರ್ಡಿನ ಶುಶ್ರೂಷಕಿಯ ಒಂದು ದಿನದಲ್ಲಿ ಈ ಮೂರೂ ಒಟ್ಟಿಗೆ ಬರುತ್ತಿದ್ದವು. ಸೋಂಕು ತನಗೆ ತಗಲೀತೆಂಬ ಅಂಜಿಕೆ ಮೊದಲನೆಯದು. ಮಗುವನ್ನು ಮುಟ್ಟಲಾರದೆ ಹಾಸ್ಟೆಲಿನ ಕೋಣೆಯಿಂದ ಫೋನಿನಲ್ಲಿ ಮಾತಾಡಿಸುವ ಸಂಕಟ ಎರಡನೆಯದು. ಹಾಸಿಗೆ ಇಲ್ಲದೆ, ಆಮ್ಲಜನಕ ಸಾಲದೆ ಕಣ್ಣೆದುರೇ ಹೋದ ಜೀವಗಳ ನೆನಪು ಮೂರನೆಯದು. 2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆಯಲ್ಲಿ ಈ ಮೂರನೆಯ ನೋವು ಎಷ್ಟು ಆಳಕ್ಕಿಳಿಯಿತೆಂದರೆ, ತಾನು ಮಾಡಬಹುದಾದುದೆಲ್ಲವನ್ನೂ ಮಾಡಿದವರೂ ತಮ್ಮನ್ನೇ ಅಪರಾಧಿಗಳೆಂದು ಭಾವಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯು ಮಹಾಮಾರಿಗೆ ಮುಂಚೆಯೇ, 2019ರಲ್ಲಿ, ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಉದ್ಯೋಗದಿಂದ ಬರುವ ಇಂಥ ಬಳಲಿಕೆಯ ಲಕ್ಷಣಗಳನ್ನು ಗುರುತಿಸಿತ್ತು. ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗದೆಂಬ ಅನಿಸಿಕೆ, ಇವು ಮೂರು ಲಕ್ಷಣಗಳು. ಗಮನಿಸಬೇಕಾದ ಸಂಗತಿಯೆಂದರೆ, ಆ ಸಂಸ್ಥೆ ಇದನ್ನು ವ್ಯಕ್ತಿಯ ಕಾಯಿಲೆಯೆಂದು ಕರೆಯಲಿಲ್ಲ. ದೀರ್ಘಕಾಲ ಸರಿಯಾಗಿ ನಿರ್ವಹಿಸದೆ ಬಿಟ್ಟ ಕೆಲಸದ ಒತ್ತಡದ ಪರಿಣಾಮವೆಂದು ಕರೆಯಿತು. ಅತಿಚಾರದ ಸೂತ್ರವೂ ದೋಷವನ್ನು ಮುಗ್ಗರಿಸಿದ ಎತ್ತಿನ ಮೇಲೆ ಹಾಕುವುದಿಲ್ಲ, ಹೊರೆ ಹೇರಿದವನ ಮೇಲೆ ಹಾಕುತ್ತದೆ. ಎಷ್ಟೋ ಶತಮಾನಗಳ ಅಂತರವಿದ್ದರೂ ಎರಡು ಮಾತುಗಳೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ.

ಈ ಹೊರೆಯಲ್ಲಿ ಪ್ರಾಣವನ್ನೇ ತೆತ್ತವರ ಸಂಖ್ಯೆಯೂ ಸಣ್ಣದಲ್ಲ. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಲ್ಲಿ 80,000ದಿಂದ 1,80,000ದಷ್ಟು ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ತೀರಿಕೊಂಡಿರಬಹುದೆಂದು ಅದೇ ಸಂಸ್ಥೆ ಅಂದಾಜಿಸಿದೆ. ಸೋಂಕು ತಗಲದೆಯೇ ಹೋದವರೂ ಉಂಟು. 2020ರ ಆಗಸ್ಟ್ 20ರಂದು ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಜೀವ ಕಳೆದುಕೊಂಡಾಗ, ಕೆಲಸದ ಒತ್ತಡವೇ ಇದಕ್ಕೆ ಕಾರಣವೆಂದು ಸಹೋದ್ಯೋಗಿ ವೈದ್ಯರು ಬೀದಿಗಿಳಿದರು. ಒಂದು ಜೀವದ ಕೊನೆಯ ಗಳಿಗೆಯನ್ನು ಹೊರಗಿನವರು ತೀರ್ಮಾನಿಸುವುದು ಸಲ್ಲದು. ಅಂಥ ಘಟನೆಗೆ ಒಂದೇ ಕಾರಣವಿರುವುದೂ ಅಪರೂಪ. ಆದರೆ ಅದೇ ಹುದ್ದೆಯ ಹೊರೆ ಹೊತ್ತವರು ಒಂದೇ ದನಿಯಲ್ಲಿ ಭಾರದ ಮಾತು ಆಡಿದರೆಂಬುದನ್ನು ಸಮಾಜ ಮರೆಯಬಾರದು.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಎರಡೂ ಧರ್ಮದ ಭಾಷೆಯಲ್ಲೇ ಬರುವುದರಿಂದ ಅವುಗಳನ್ನು ಪರಿಶೀಲಿಸದೆ ಮುಂದೆ ಹೋಗಲಾಗದು.

ಮೊದಲನೆಯ ಆಕ್ಷೇಪ ಕರ್ಮಸಿದ್ಧಾಂತದ ಹೆಸರಿನಲ್ಲಿ ಬರುತ್ತದೆ: ಅವರವರು ಪಡುವ ಕಷ್ಟ ಅವರವರ ಕರ್ಮದ ಫಲ, ಅದಕ್ಕೆ ಬೇರೆಯವರೇನು ಮಾಡಿಯಾರು? ಇದು ಅರ್ಧ ಕಲಿತ ಪಾಠ. ಕರ್ಮವು ಉದಯಕ್ಕೆ ಬರುವಾಗ ಬಾಹ್ಯ ನಿಮಿತ್ತಗಳೂ ಇರುತ್ತವೆ. ಆ ನಿಮಿತ್ತವಾಗಿ ನಿಂತವನು ತನ್ನ ಹೊಸ ಕರ್ಮವನ್ನು ತಾನು ಕಟ್ಟಿಕೊಳ್ಳುತ್ತಾನೆ. ದುಃಖ, ಶೋಕ, ಸಂತಾಪ, ಆಕ್ರಂದನಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಬಾಡಿಗೆಮನೆಯ ಶುಶ್ರೂಷಕಿಗೆ ‘ನಾಳೆಯೇ ಮನೆ ಖಾಲಿ ಮಾಡು’ ಎಂದ ಮಾಲೀಕನು ಅವಳ ಕರ್ಮದ ಲೆಕ್ಕ ನೋಡುವ ಮೊದಲು ತನ್ನ ಖಾತೆಯನ್ನು ತೆರೆದು ನೋಡಬೇಕು. ಹಿಂಸೆಗೆ ದ್ವೇಷವೇ ಬೇಕೆಂದಿಲ್ಲ. ಪ್ರಮಾದ, ಎಂದರೆ ಎಚ್ಚರಗೇಡಿತನ, ಸಾಕು. ಭಯದಿಂದ ಮಾಡಿದೆ, ತಿಳಿಯದೆ ಮಾಡಿದೆ ಎಂಬ ಮಾತಿನಿಂದ ಲೆಕ್ಕ ಅಳಿಸಿಹೋಗದು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಪರೀಷಹಗಳನ್ನು ಸಹಿಸುವುದು ಜೈನಧರ್ಮದ ಹಿರಿಮೆಯಲ್ಲವೇ? ಹಸಿವು, ಬಾಯಾರಿಕೆ, ಚಳಿ, ರೋಗಗಳೇ ಮೊದಲಾದ 22 ಪರೀಷಹಗಳನ್ನು ಮುನಿಗಳು ಸಮಭಾವದಿಂದ ಗೆಲ್ಲುವಾಗ, ಸೇವಾವೃತ್ತಿಯನ್ನು ಆರಿಸಿಕೊಂಡವರು ಕಷ್ಟಕ್ಕೆ ಅಂಜಬಹುದೇ? ಇದಕ್ಕೆ ಉತ್ತರ ಸರಳ. ಪರೀಷಹಜಯವು ತಾನಾಗಿ ದೀಕ್ಷೆ ಪಡೆದವನು ತನ್ನ ಆತ್ಮಶುದ್ಧಿಗಾಗಿ ಕೈಗೊಳ್ಳುವ ಸಾಧನೆ. ಒಬ್ಬನು ತಾನು ಉಪವಾಸ ಮಾಡಿದರೆ ಅದು ತಪಸ್ಸು. ಇನ್ನೊಬ್ಬನನ್ನು ಉಪವಾಸ ಕೆಡವಿದರೆ ಅದು ಅನ್ನಪಾನನಿರೋಧ. ಸಂಬಳಕ್ಕೆ ದುಡಿಯುವ, ಮನೆಯಲ್ಲಿ ಮಕ್ಕಳಿರುವ ಗೃಹಸ್ಥೆಯ ಮೇಲೆ ಮಹಾವ್ರತಿಯ ಸಹನೆಯನ್ನು ಹೇರಿ, ಆಮೇಲೆ ಅದನ್ನು ಹೊಗಳುವುದು ಧರ್ಮವಾಗದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಷೋಡಶ ಭಾವನೆಗಳಲ್ಲಿಯೂ ತ್ಯಾಗ ಮತ್ತು ತಪಸ್ಸುಗಳಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಆಚಾರ್ಯರು ಸೇರಿಸಿದ್ದಾರೆ. ತಪಸ್ಸಿಗೇ ಅಳತೆ ಇರುವಾಗ ನೌಕರಿಗೆ ಅಳತೆ ಬೇಡವೇ?

ಸಮಂತಭದ್ರಾಚಾರ್ಯರ ಕಥೆ ಇಲ್ಲಿ ನೆನಪಾಗಬೇಕು. ಅವರಿಗೆ ಭಸ್ಮಕವ್ಯಾಧಿ ತಗಲಿತು. ಎಷ್ಟು ಉಂಡರೂ ತೀರದ ಹಸಿವು ಅದು. ಮುನಿಚರ್ಯೆಯನ್ನು ನಡೆಸಲಾರದೆ ಅವರು ಗುರುಗಳ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಇನ್ನೂ ಆಯುಷ್ಯವಿದೆ, ನಿನ್ನಿಂದ ಆಗಬೇಕಾದ ಕೆಲಸವಿದೆ. ಸದ್ಯಕ್ಕೆ ಮುನಿವೇಷವನ್ನು ಬದಿಗಿಟ್ಟು ವ್ಯಾಧಿಯನ್ನು ಗುಣಪಡಿಸಿಕೊ, ಅನಂತರ ಮತ್ತೆ ದೀಕ್ಷೆ ಪಡೆ ಎಂದು ಕಳುಹಿಸಿದರು. ಕಠಿಣ ವ್ರತದ ಪರಂಪರೆಯೊಂದು ತನ್ನ ಶ್ರೇಷ್ಠ ಆಚಾರ್ಯನ ಬಗ್ಗೆ ಹೇಳಿಕೊಂಡು ಬಂದ ಕಥೆಯಿದು. ದಣಿದವನಿಗೆ ‘ಇನ್ನಷ್ಟು ಸಹಿಸು’ ಎಂದು ಗುರುಗಳು ಹೇಳಲಿಲ್ಲ. ಹೊರೆಯನ್ನು ಇಳಿಸಿ, ಮರಳಿ ಬರುವ ದಾರಿಯನ್ನು ತೆರೆದಿಟ್ಟರು. ಆ ಸಮಂತಭದ್ರರೇ ಮುಂದೆ ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿ ಗೃಹಸ್ಥರಿಗೆ ದಾರಿದೀಪವಾದರು. ದಣಿದ ವೈದ್ಯನಿಗೆ ರಜೆ ಕೊಡುವುದು ಅವನ ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿಯಲ್ಲ. ಮುಂದೆ ಅವನಿಂದ ಬದುಕಲಿರುವ ರೋಗಿಗಳಿಗೆ ಕೊಟ್ಟ ರಕ್ಷೆ.

ಆ ಗ್ರಂಥವು ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಎರಡು ಈ ಸಂದರ್ಭಕ್ಕೆ ನೇರವಾಗಿ ಅನ್ವಯಿಸುತ್ತವೆ. ರೋಗಿಯ ದೇಹವನ್ನು ಕಂಡು ಹೇಸದಿರುವುದು ನಿರ್ವಿಚಿಕಿತ್ಸೆ. ಉದ್ದಾಯನ ಮಹಾರಾಜನು ವ್ಯಾಧಿಗ್ರಸ್ತ ಮುನಿಗೆ ಆಹಾರ ಕೊಟ್ಟಾಗ, ಆ ಮುನಿಯು ರಾಜನ ಮೇಲೆಯೇ ವಾಂತಿ ಮಾಡಿದರೂ ಅವನು ಹೇಸದೆ ತೊಳೆದು ಉಪಚರಿಸಿದನೆಂಬ ಕಥೆ ಈ ಅಂಗಕ್ಕೆ ಪ್ರಸಿದ್ಧ ದೃಷ್ಟಾಂತ. ಉದ್ದಾಯನನಿಗೆ ಅದು ಒಂದು ದಿನದ ಪರೀಕ್ಷೆಯಾಗಿತ್ತು. ವಾರ್ಡಿನ ಆಯಾಗಳಿಗೂ ಶುಶ್ರೂಷಕಿಯರಿಗೂ ಅದು ದಿನನಿತ್ಯದ ಕೆಲಸ. ನಿರ್ವಿಚಿಕಿತ್ಸೆಯನ್ನು ಅವರು ಆಚರಿಸಿದ್ದಾರೆ. ಉಳಿದ ಸಮಾಜ ಆಚರಿಸಬೇಕಾದ ಅಂಗ ಇನ್ನೊಂದು: ಸ್ಥಿತಿಕರಣ. ದಾರಿಯಲ್ಲಿ ಕಾಲು ಜಾರುತ್ತಿರುವವರನ್ನು ಹಿಡಿದು ಮತ್ತೆ ನೆಲೆಗೊಳಿಸುವುದು ಎಂದು ಅದರ ಅರ್ಥ. ರೋಗಿಗೆ ಸೇವೆ ಸಲ್ಲಿಸುವ ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಧರ್ಮದಲ್ಲಿ, ಆ ಸೇವೆ ಮಾಡಿ ಬಳಲಿದವರನ್ನು ಎತ್ತಿ ನಿಲ್ಲಿಸುವುದು ಕಡಿಮೆಯ ಪುಣ್ಯವಾಗಲಾರದು.

ಕೆಲಸದ ಕೈಗಳು ಕಡಿಮೆ, ರೋಗಿಗಳು ಅಪಾರ. ಅಂಥ ಹೊತ್ತಿನಲ್ಲಿ ಹೆಚ್ಚಿನ ಹೊರೆ ಅನಿವಾರ್ಯವಲ್ಲವೇ ಎಂದು ವ್ಯವಹಾರಜ್ಞರು ಕೇಳಬಹುದು. ನಿಜ, ಗೃಹಸ್ಥನ ಬದುಕಿನಲ್ಲಿ ಕೆಲವು ಹಿಂಸೆಗಳು ತಪ್ಪುವುದಿಲ್ಲ. ಆದರೆ ತಪ್ಪಿಸಲಾಗದ ಹೊರೆಯನ್ನು ಹೊರಿಸುವಾಗ, ಅದನ್ನು ಇಳಿಸುವ ಹೊತ್ತನ್ನೂ ಹೇಳಬೇಕಾದುದು ಧರ್ಮ. ಪಾಳಿಯ ಬಳಿಕ ವಿಶ್ರಾಂತಿ, ತಿಂಗಳು ತುಂಬಿದಾಗ ವೇತನ, ಸಂಖ್ಯೆಯ ಗುರಿ ಮುಟ್ಟದವರನ್ನು ಸಭೆಯಲ್ಲಿ ನಿಲ್ಲಿಸಿ ಅವಮಾನಿಸದ ಮೇಲಧಿಕಾರಿ, ಇವು ದೊಡ್ಡ ವೆಚ್ಚದ ಸಂಗತಿಗಳಲ್ಲ. ಮನಸ್ಸಿನ ಆರೈಕೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಇತಿಹಾಸವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು. ಪರರಿಗೆ ಔಷಧ ಕೊಡುವವರು ತಮ್ಮ ಮನಸ್ಸಿಗೆ ಔಷಧ ಕೇಳಲು ನಾಚಬೇಕಾಗಿಲ್ಲ; ಕೇಳಿದವರನ್ನು ದುರ್ಬಲರೆಂದು ಎಣಿಸುವ ಸಮಾಜವೇ ನಾಚಬೇಕು.

ಸರಕಾರದ ಕೆಲಸ ಸರಕಾರ ಮಾಡಲಿ. ಶ್ರಾವಕನು ತನ್ನ ಮನೆಯ ಬಾಗಿಲಲ್ಲೇ ಆಚರಿಸಬಹುದಾದುದೂ ಉಂಟು. ಬಿಸಿಲಲ್ಲಿ ಬಂದ ಆಶಾ ಕಾರ್ಯಕರ್ತೆಯನ್ನು ಹೆಸರು ಹಿಡಿದು ಕರೆದು, ಕುಳ್ಳಿರಿಸಿ, ಒಂದು ಲೋಟ ನೀರು ಕೊಡುವುದು. ಅವಳು ಕೇಳಿದ್ದಕ್ಕೆ ನಿಜ ಹೇಳುವುದು. ಜ್ವರವನ್ನೂ ಪ್ರಯಾಣವನ್ನೂ ಮುಚ್ಚಿಟ್ಟ ಒಂದು ಸುಳ್ಳು ಅವಳ ಮನೆಯ ಮಕ್ಕಳವರೆಗೆ ಹೋಗಬಲ್ಲದು, ಹೀಗೆ ಸತ್ಯಾಣುವ್ರತವೂ ಅಹಿಂಸೆಯ ಬೇಲಿಯಾಗುತ್ತದೆ. ರಾತ್ರಿಪಾಳಿಗೆ ಹೋಗುವ ನೆರೆಯ ಶುಶ್ರೂಷಕಿಯ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಮನೆಯ ಬಾಗಿಲು ತೆರೆದಿಡುವುದು. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದಾಗ, ದುಃಖದ ಕಾವಿನಲ್ಲಿಯೂ ವೈದ್ಯನ ಮೇಲೆ ಕೈಯೆತ್ತದಿರುವುದು. ಮಾಗಡಿ ತಾಲ್ಲೂಕಿನ ಸಂಕಿಘಟ್ಟದ ಬಸದಿಯಿಂದ ಹಿಡಿದು ಪೇಟೆಗಳ ಹೊಸ ಜಿನಮಂದಿರಗಳವರೆಗೆ, ಪರ್ವದ ದಿನಗಳಲ್ಲಿ ಸೇರುವ ಸಂಘವು ಸನ್ಮಾನದ ಶಾಲಿನೊಂದಿಗೆ ಒಂದು ಪ್ರಶ್ನೆಯನ್ನೂ ಇಟ್ಟುಕೊಳ್ಳಬಹುದು: ನಿಮ್ಮ ಹೊರೆಯಲ್ಲಿ ಯಾವುದನ್ನು ಕೆಳಗಿಳಿಸಬೇಕು?

ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬುದು ಜೈನದರ್ಶನದ ಮೂಲತತ್ತ್ವ. ಮಹಾಮಾರಿಯ ದಿನಗಳಲ್ಲಿ ಉಪಕಾರ ಬಹುಪಾಲು ಒಂದೇ ದಿಕ್ಕಿನಿಂದ ಹರಿಯಿತು. ಮುಂದಿನ ರೋಗ ಎಂದು ಬರುವುದೋ ಯಾರೂ ಬಲ್ಲವರಲ್ಲ. ಬಂದಾಗ ಗಾಡಿ ಎಳೆಯಬೇಕಾದವರು ಇವರೇ. ಆ ದಿನಕ್ಕೆ ಮುಂಚೆ ಮೂಟೆಗಳನ್ನು ಎಣಿಸಿಕೊಳ್ಳುವುದು ದಯೆಯ ಮಾತಲ್ಲ, ವ್ರತದ ಮಾತು.